ಕಿರುಬೆರಳಿಗೆ ತಿಳಿಯದ ನಟ್ಟು

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಪಾಲಿಶ್ ಮಷೀನುಗಳ ಸದ್ದಿನೊಳಗೆ ಬೆಳೆದ ನಮ್ಮಂಥವರಿಗೆ ಕೈ ಗಟ್ಟಿಯಾಗಿರುವುದೇ ಒಂದು ಹೆಮ್ಮೆ. ನನ್ನ ಅಪ್ಪ ಮೂವತ್ತು ವರ್ಷ ಕಲ್ಲು ಉಜ್ಜಿದ ಮನುಷ್ಯ. ಒಲೆಯ ಕೆಂಡವನ್ನು ಬೆರಳಲ್ಲೇ ಎತ್ತಿ ಬೀಡಿ ಹೊತ್ತಿಸಿಕೊಳ್ಳುತ್ತಿದ್ದ. ಓಣಿಯ ಗಂಡಸರು ಕೂತಲ್ಲಿ ಯಾರ ಕೈ ಹೆಚ್ಚು ಬಿಸಿ ತಡೆಯುತ್ತದೆ ಎಂಬ ಪೈಪೋಟಿಯೂ ನಡೆಯುತ್ತಿತ್ತು. ಹೀಗಾಗಿ ಒಂದು ಬೆಳಿಗ್ಗೆ ನಾನು ಕುದಿಯುವ ಚಹಾದ ಸ್ಟೀಲ್ ಗ್ಲಾಸನ್ನು ಆರಾಮಾಗಿ ಹಿಡಿದು ಕೂತಿದ್ದನ್ನು ಕಂಡು ಹೆಂಡತಿ ಸುವರ್ಣಾ “ಕೈ ಸುಡವಲ್ದೇನ್ರಿ?” ಎಂದು ಗಾಬರಿಯಾದಾಗ, ನಾನು ಅಪ್ಪನ ಕಡೆ ನೋಡಿ ನಕ್ಕೆ. ಅಪ್ಪನೂ ನಕ್ಕ.

“ನನ್ನ ಮಗ ಇದ್ದಾನ. ಕಲ್ಲಿನ ಕೈ ಅವು,” ಎಂದ.

ನಾನು ಕಲ್ಲಿನ ಕೆಲಸ ಮಾಡಿದವನೇ ಅಲ್ಲ. ಕಲ್ಲು ಮುಟ್ಟದ ಕೈಗೆ ಕಲ್ಲಿನ ಗಟ್ಟಿತನ ಎಲ್ಲಿಂದ ಬಂತು ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವ ಹೊತ್ತಿಗೆ ಸೇಡಂ ಕಡೆಯ ಮುಧೋಳದ ಹತ್ತಿರದ ಹೊಲದಲ್ಲಿ ಒಂದು ವಿಮಾನ ಮೂಗು ಮುರಿದುಕೊಂಡು ಬಿದ್ದಿತ್ತು.

ನನಗೆ ಬಂದಿದ್ದು ಕುಷ್ಠರೋಗ. ಈ ಪದ ಬರೆಯುವ ಮುಂಚೆ ಎದ್ದು ಹೋಗಿ ಎರಡು ಸಲ ನೀರು ಕುಡಿದು ಬಂದೆ. ಬರೆದಾಯಿತು, ಇನ್ನು ಉಳಿದದ್ದು ಸಲೀಸು.

ನಾನು ವಿಮಾನದ ಮೆಕ್ಯಾನಿಕ್. ನಮ್ಮ ಕಡೆಯ ಸಣ್ಣ ವಿಮಾನ ನಿಲ್ದಾಣದಲ್ಲಿ ಹಾರಾಟ ಕಲಿಸುವ ಒಂದು ಶಾಲೆ ಇದೆ. ಮುಂದೆ ಒಂದು ಪಂಖ, ಒಳಗೆ ಇಬ್ಬರು ಕೂಡುವಷ್ಟು ಜಾಗ, ಇಷ್ಟೇ ಇರುವ ವಿಮಾನಗಳು. ಕಲಿಯುವವರು ಅವುಗಳಲ್ಲಿ ಚಿತ್ತಾಪುರ, ಸೇಡಂ, ಚಿಂಚೋಳಿಯ ಮೇಲೆ ಸುತ್ತು ಹೊಡೆದು ಬರುತ್ತಾರೆ. ತೊಗರಿ ಹೊಲದಲ್ಲಿ ಕೆಲಸ ಮಾಡುವವರು ಈಗ ತಲೆ ಎತ್ತಿ ಸಹ ನೋಡುವುದಿಲ್ಲ, ಅಷ್ಟು ರೂಢಿಯಾಗಿದೆ.

ನಮ್ಮ ಮುಖ್ಯ ಇಂಜಿನಿಯರ್ ಖಾದರ್ ಸಾಹೇಬರು. ಅವರ ಟೇಬಲ್ಲಿನ ಹಿಂದೆ ಒಂದು ಕಪಾಟು. ಎಲ್ಲೆಲ್ಲೋ ನೌಕರಿ ಮಾಡುವಾಗ ಅವರು ಕೂಡಿಸಿದ ಸಾಮಾನುಗಳು ಅದರಲ್ಲಿವೆ. ಕಣಜದ ಹುಳು ಕಟ್ಟಿದ ಒಂದು ಮಣ್ಣಿನ ಗೂಡು: ಅದು ಗಾಳಿಯ ಕೊಳವೆಯಲ್ಲಿ ಕೂತು ವೇಗದ ಮೀಟರಿನಿಂದ ಸುಳ್ಳು ಹೇಳಿಸಿತ್ತು. ಸರಿಯಾಗಿ ಕೂಡದ ಪೆಟ್ರೋಲ್ ಟ್ಯಾಂಕಿನ ಮುಚ್ಚಳ: ಅದರ ಸಂದಿಯಿಂದ ಗಾಳಿ ಅರ್ಧ ಟ್ಯಾಂಕ್ ಕುಡಿದುಬಿಟ್ಟಿತ್ತು. ಒಂದು ಸಣ್ಣ ಶೀಶೆಯಲ್ಲಿ ಪೆಟ್ರೋಲ್, ಅದರ ತಳದಲ್ಲಿ ನಾಲ್ಕು ಹನಿ ನೀರು. ಯಾರೋ ಒರೆಸಿ ಎಂಜಿನ್ನಿನೊಳಗೇ ಮರೆತ ಒಂದು ಚಿಂದಿ ಬಟ್ಟೆ. ಹೊಸಬರು ಬಂದರೆ ಸಾಹೇಬರು ಮೊದಲು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು.

“ನೋಡ್ರಿ, ಇವೆಲ್ಲಾ ವಿಮಾನ ಕೆಡವಿದ ಪೈಲ್ವಾನರು. ಒಂದರೆ ದೊಡ್ಡದು ಅದ ಏನು?”

ಅಪಘಾತದ ಸುದ್ದಿ ಬಂದಾಗ ಊರ ಜನ ಹಣೆಬರಹ ಎನ್ನುತ್ತಾರೆ, ಟೀವಿಯವರು ಯಾರ ತಪ್ಪು ಎನ್ನುತ್ತಾರೆ. ಸಾಹೇಬರು ಎರಡನ್ನೂ ಅನ್ನುವುದಿಲ್ಲ. ಏನಾಯಿತು, ಅದಕ್ಕೆ ಮೊದಲು ಏನಾಗಿತ್ತು, ಅದಕ್ಕೂ ಮೊದಲು ಏನಾಗಿತ್ತು ಎಂದು ಕೇಳುತ್ತಾ ಕೇಳುತ್ತಾ ಬಾವಿಯ ಮೆಟ್ಟಿಲಿಳಿದ ಹಾಗೆ ಇಳಿಯುತ್ತಾರೆ. ಅಂಥ ಮನುಷ್ಯನ ಕೈಕೆಳಗೆ ಕೆಲಸ ಮಾಡಿದ್ದು ನನ್ನ ಪುಣ್ಯ. ಅಂಥವರಿಂದ ನಾನು ಒಂದು ವಿಷಯ ಮುಚ್ಚಿಟ್ಟೆ ಎನ್ನುವುದು ನನ್ನ ನಾಚಿಕೆ.

ಮೊಣಕೈ ಕೆಳಗೆ ಒಂದು ಬೆಳ್ಳನೆ ಮಚ್ಚೆ ಎದ್ದಿತ್ತು. ತುರಿಕೆ ಇಲ್ಲ, ನೋವಿಲ್ಲ. ಆಮೇಲೆ ಇನ್ನೆರಡು ಕಾಣಿಸಿದವು. ಬಲಗೈಯ ಕಿರುಬೆರಳು ಮೊದಲು ಜುಮ್ಮೆಂದಿತು, ನಂತರ ಅದೂ ನಿಂತಿತು. ನಿಂತಾಗ ಗುಣವಾಯಿತು ಎಂದುಕೊಂಡೆ. ಆಮೇಲೆ ಉಂಗುರ ಬೆರಳು. ಒಂದು ದಿನ ಬಾಗಿಲ ಸಂದಿಗೆ ಸಿಕ್ಕು ಕಿರುಬೆರಳಿನ ಉಗುರು ಕಿತ್ತು ಬಂದರೂ ನನಗೆ ಗೊತ್ತಾಗಿದ್ದು ಅಂಗಿಗೆ ರಕ್ತ ಹತ್ತಿದಾಗ. ಆ ದಿನ ನನಗೆ ಅನುಮಾನ ಬಂತು. ಚಿಕ್ಕವನಿದ್ದಾಗ ವಾಡಿ ಜಂಕ್ಷನ್ನಿನಲ್ಲಿ ಬೆರಳಿಲ್ಲದ ಕೈಯಲ್ಲಿ ಡಬ್ಬಿ ಹಿಡಿದು ಕೂಡುತ್ತಿದ್ದ ಒಬ್ಬ ಮುದುಕನನ್ನು ಕಂಡರೆ ಅವ್ವ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ಆ ಡಬ್ಬಿ ಕಣ್ಣ ಮುಂದೆ ಬಂತು. ನಾನು ಏನು ಮಾಡಿದೆ? ನಾಲ್ಕು ತುಂಬುತೋಳಿನ ಅಂಗಿ ಹೊಲಿಸಿಕೊಂಡೆ. ಇಷ್ಟೇ ನನ್ನ ಶೂರತನ.

ಅಂಗಿ ಬಂದ ವಾರವೇ ಒಂದು ವಿಮಾನದ ಎಂಜಿನ್ ತಪಾಸಣೆ ನನ್ನ ಪಾಲಿಗೆ ಬಂತು. ಎಂಜಿನ್ನಿನ ಹಿಂದೆ ಆಯಿಲ್ ಹೋಗುವ ಒಂದು ಪೈಪಿದೆ. ಅದರ ನಟ್ಟು ಇರುವಲ್ಲಿ ಕಣ್ಣು ಹೋಗುವುದಿಲ್ಲ, ಹೆಬ್ಬೆರಳೂ ಹೋಗುವುದಿಲ್ಲ. ಕೈ ಅಡ್ಡ ತೂರಿಸಿ, ಕೊನೆಯ ಎರಡು ಬೆರಳಲ್ಲಿ ನಟ್ಟು ಹಿಡಿದು, ಮೊದಲ ಎರಡು ಸುತ್ತು ಬೆರಳಿಂದಲೇ ತಿರುಗಿಸಬೇಕು. ಪೈಪಿನ ತಿರುಪಿನ ಎಳೆಯ ಮೇಲೆ ನಟ್ಟಿನ ಎಳೆ ಸರಿಯಾಗಿ ಕೂತಿತೋ ಇಲ್ಲವೋ ಎಂದು ಬೆರಳು ಹೇಳುತ್ತದೆ. ಆ ದಿನ ಬೆರಳು ಏನೂ ಹೇಳಲಿಲ್ಲ. ಪಾನಾ ಹಾಕಿ ಬಿಗಿದೆ, ಬಿಗಿಯಾಯಿತು. ಬಿಚ್ಚದಿರಲಿ ಎಂದು ತಂತಿ ಕಟ್ಟಿದೆ. ನಮ್ಮಲ್ಲಿ ಹಿರಿಯ ಮೆಕ್ಯಾನಿಕ್ ಭೀಮಣ್ಣ ಕನ್ನಡಿ ಹಿಡಿದು ನೋಡಿ, ತಂತಿ ಸರಿ ಇದೆ ಎಂದು ಸಹಿ ಮಾಡಿದ. ಹೊರಗಿನಿಂದ ಎಲ್ಲವೂ ಸರಿಯಾಗಿಯೇ ಕಂಡಿತು.

ಕೆಲವು ದಿನ ಆ ವಿಮಾನ ಹಾರಿತು. ನಂತರ ಒಂದು ಬೆಳಿಗ್ಗೆ ಪೂರ್ಣಿಮಾ ಎಂಬ ವಿದ್ಯಾರ್ಥಿನಿ ಅದನ್ನು ಒಬ್ಬಳೇ ತೆಗೆದುಕೊಂಡು ಹೋದಳು. ಚಿತ್ತಾಪುರದ ಶಾಲಾ ಮಾಸ್ತರರೊಬ್ಬರ ಮಗಳು. ಸೇಡಂ ದಾಟಿದ ಮೇಲೆ ಎಂಜಿನ್ ಕೆಮ್ಮತೊಡಗಿತು, ಆಯಿಲ್ ಹಾರಿ ಮುಂದಿನ ಗಾಜು ಕಪ್ಪಾಯಿತು, ಪಂಖ ನಿಂತಿತು. ಇಪ್ಪತ್ತೆರಡು ವರ್ಷದ ಹುಡುಗಿ, ಮುಂದೆ ಏನೂ ಕಾಣುತ್ತಿಲ್ಲ, ಪಕ್ಕದಲ್ಲಿ ಕಲಿಸುವವರಿಲ್ಲ. ಪಕ್ಕದ ಕಿಟಕಿಯಿಂದ ನೋಡಿಕೊಂಡು, ಹೆಂಗಸರು ಕಡಲೆ ಕೀಳುತ್ತಿದ್ದ ಹೊಲ ಬಿಟ್ಟು ಅದರಾಚೆಯ ಕೊಯ್ದ ತೊಗರಿ ಹೊಲಕ್ಕೆ ಇಳಿಸಿದಳು. ಇಳಿಯುವ ಮುಂಚೆ ಪೆಟ್ರೋಲ್ ಬಂದ್ ಮಾಡಿದ್ದಳು, ಕರೆಂಟ್ ಬಂದ್ ಮಾಡಿದ್ದಳು, ಬಾಗಿಲು ಸಡಿಲ ಮಾಡಿದ್ದಳು. ತೊಗರಿ ಕೂಳೆಗೆ ಸಿಕ್ಕು ಮುಂದಿನ ಗಾಲಿ ಮುರಿಯಿತು, ಹಣೆಗೆ ಪೆಟ್ಟಾಯಿತು. ಕಡಲೆ ಹೊಲದ ಹೆಂಗಸರೇ ಓಡಿ ಬಂದು ಸೆರಗು ಹರಿದು ಕಟ್ಟಿದರಂತೆ. ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ: ನನ್ನ ಮಗಳ ಕಾಲಕ್ಕೆ ಇಂಥ ಹುಡುಗಿಯರು ಹತ್ತು ಮಂದಿ ಇದ್ದರೆ ಸಾಕು.

ಆದರೆ ಹ್ಯಾಂಗರಿನಲ್ಲಿ ಮಾತು ಬೇರೆ ಎದ್ದಿತು.

“ಆಯಿಲ್ ಮೀಟರ್ ಇಳೀತಿದ್ದಾಗ ಹುಡುಗಿ ಎಲ್ಲಿ ನೋಡಲಿಕತ್ತಿದ್ಲು? ಮೊಬೈಲ್ ನೋಡಲಿಕತ್ತಿರಬೇಕು,” ಎಂದ ಭೀಮಣ್ಣ. ನಾಲ್ಕು ಮಂದಿ ಹೌದು ಹೌದು ಎಂದರು. ನಾನು ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡೆ.

ತನಿಖೆಯವರು ಬಂದು ಫೋಟೋ ತೆಗೆದುಕೊಂಡು ಹೋದ ಮೇಲೆ ವಿಮಾನವನ್ನು ಲಾರಿಗೆ ಏರಿಸಿ ತರಲು ನಮಗೆ ಅಪ್ಪಣೆ ಸಿಕ್ಕಿತು. ಎಂಜಿನ್ ಬಿಚ್ಚುವುದು ಹ್ಯಾಂಗರಿನಲ್ಲಿ, ಎಲ್ಲರ ಎದುರಿಗೆ ಎಂದು ನಿಗದಿಯಾಗಿತ್ತು. ಸಾಹೇಬರು, ಭೀಮಣ್ಣ ರಸ್ತೆಯ ಬಳಿ ಲಾರಿಗೆ ದಾರಿ ಮಾಡಿಸುತ್ತಿದ್ದರು. ಎಂಜಿನ್ನಿಗೆ ತಾಡಪತ್ರಿ ಕಟ್ಟಲು ನಾನೊಬ್ಬನೇ ಇದ್ದೆ. ಕನ್ನಡಿ ತೂರಿಸಿ ಬ್ಯಾಟರಿ ಬಿಟ್ಟು ನೋಡಿದೆ. ನಾನು ಕಟ್ಟಿದ ತಂತಿ ಹಾಗೇ ಇತ್ತು. ಅದರ ಕೆಳಗೆ ನಟ್ಟು ಓರೆಯಾಗಿ ಕೂತಿತ್ತು, ಸುತ್ತಲೂ ಆಯಿಲ್ ಜಿನುಗಿದ ಕರಿ ಗುರುತು.

ತಂತಿ ಕತ್ತರಿಸಿ, ಎಡಗೈಯಿಂದ ನಟ್ಟು ನೆಟ್ಟಗೆ ಕೂಡಿಸಿ, ಹೊಸ ತಂತಿ ಕಟ್ಟಿ, ಸುತ್ತ ಒರೆಸಿದರೆ ಹತ್ತು ನಿಮಿಷದ ಕೆಲಸ. ಯಾರಿಗೂ ಗೊತ್ತಾಗುವುದಿಲ್ಲ. ಇಕ್ಕಳ ನನ್ನ ಕೈಯಲ್ಲೇ ಇತ್ತು. ಸುಳ್ಳು ಹೇಳುವುದಿಲ್ಲ, ತಂತಿಗೆ ಹಚ್ಚಿಯೂ ಆಗಿತ್ತು.

“ಅಣ್ಣಾರ.”

ತಿರುಗಿದೆ. ಬದುವಿನ ಮೇಲೆ ಹಣೆಗೆ ಪಟ್ಟಿ ಕಟ್ಟಿಕೊಂಡು ಪೂರ್ಣಿಮಾ ನಿಂತಿದ್ದಳು. ತನ್ನ ವಿಮಾನ ಒಯ್ಯುವುದನ್ನು ನೋಡಲು ತಂದೆಯ ಜೊತೆ ಬಂದಿದ್ದಳು.

“ಅಣ್ಣಾರ, ನಾ ಮೀಟರ್ ನೋಡೀನ್ರಿ. ಖರೇನ ನೋಡೀನಿ. ಎರಡು ನಿಮಿಷ ಮೊದಲು ಛಲೋ ಇತ್ತು. ಆದರ ಎಲ್ಲಾರೂ ಅನ್ನೋದು ಕೇಳಿ ಕೇಳಿ ಈಗ ನನಗೇ ಸಂಶಯ ಬರಲಿಕತ್ತದ. ನೋಡಿದ್ದೆನೋ ಇಲ್ಲೋ? ಎಲ್ಲಿ ತಪ್ಪಿದೆ ಅಂತ ದಿನಾ ಕುಂತು ಕೈ ಹಂಗ ಮಾಡ್ತೀನಿ, ಹಿಂಗ ಮಾಡ್ತೀನಿ. ತಿಳಿವಲ್ದು. ಇನ್ನ ಹಾರೋದು ಬ್ಯಾಡ ಅನಸ್ಯದ.”

ಹೇಳುತ್ತಾ ಹೇಳುತ್ತಾ ಅವಳ ಬಲಗೈ ಗಾಳಿಯಲ್ಲಿ ಇಲ್ಲದ ಒಂದು ಗುಂಡಿ ಒತ್ತಿತು, ಇಲ್ಲದ ಒಂದು ಹಿಡಿ ಎಳೆಯಿತು. ಅದನ್ನು ನೋಡಿದ ಮೇಲೆ ನನ್ನಿಂದ ಆಗಲಿಲ್ಲ. ಇಕ್ಕಳ ಕೆಳಗಿಟ್ಟೆ. ಆ ತಪ್ಪು ಮಾಡಿದ ಕೈ ನನ್ನ ತೋಳಿಗೆ ಅಂಟಿಕೊಂಡಿರುವಾಗ ಆ ಹುಡುಗಿ ತನ್ನ ಕೈಯಲ್ಲಿ ಅದನ್ನು ಹುಡುಕುತ್ತಿದ್ದಳು.

“ನಿನ್ನ ತಪ್ಪಲ್ಲ ತಂಗಿ. ಅಲ್ಲೇ ನಿಂದ್ರು,” ಎಂದು ಸಾಹೇಬರನ್ನು ಕೂಗಿದೆ.

ಅವರು ಬಂದು ಕನ್ನಡಿಯಲ್ಲಿ ನೋಡಿದರು. ನಾನು ಅಂಗಿಯ ತೋಳು ಮಡಚಿ ಮಚ್ಚೆ ತೋರಿಸಿದೆ, ಬೆರಳುಗಳ ಕಥೆ ಹೇಳಿದೆ. ಹೇಳುವಾಗ ಅತ್ತೆ. ಸಾಹೇಬರು ನನ್ನನ್ನು ಕಣ್ಣು ಮುಚ್ಚಲು ಹೇಳಿ ಕೈ ಹಿಡಿದುಕೊಂಡರು. ಎಷ್ಟು ಹೊತ್ತಾದರೂ ಏನೂ ಆಗಲಿಲ್ಲ. ಕಣ್ಣು ತೆರೆದರೆ ಅವರು ತೊಗರಿ ಕೂಳೆಯ ಚೂಪಾದ ತುದಿಯಿಂದ ನನ್ನ ಕಿರುಬೆರಳನ್ನು ಒತ್ತುತ್ತಿದ್ದರು. ನನಗಿಂತ ಅವರ ಮುಖವೇ ಹೆಚ್ಚು ನೋಯುತ್ತಿತ್ತು.

“ಈ ನಟ್ಟು ನಾವು ಬಿಚ್ಚಿ ನೋಡೇ ನೋಡ್ತಿದ್ವಿ, ಗುರುನಾಥ. ಆದರ ನಿನ್ನ ಬೆರಳು ಯಾರು ಬಿಚ್ಚಿ ನೋಡ್ತಿದ್ರು? ನಾಳೆ ನೀ ಕೆಲಸಕ್ಕ ಬರೂದಿಲ್ಲ, ದವಾಖಾನಿಗಿ ಹೋಗ್ತಿ. ಅಲ್ಲಿಂದ ಸೀದಾ ನನಗ ಫೋನ್ ಮಾಡ್ತಿ.”

ದವಾಖಾನೆಯ ಚರ್ಮರೋಗದ ಕೋಣೆಯ ಮುಂದೆ ಒಂದು ಉದ್ದ ಬೆಂಚು. ಊರವರು ಯಾರಾದರೂ ಕಂಡಾರು ಎಂದು ನಾನು ಹೆಲ್ಮೆಟ್ ಹಾಕಿಕೊಂಡೇ ಕೂತೆ. ಗಾಜು ಸಹ ಇಳಿಸಿದ್ದೆ. ಬೆಂಚಿನ ಮೇಲಿದ್ದ ಎಲ್ಲರೂ ನನ್ನನ್ನೇ ನೋಡತೊಡಗಿದರು. ಮರೆಯಾಗಲು ಇದಕ್ಕಿಂತ ಕೆಟ್ಟ ಉಪಾಯ ಇನ್ನೊಂದಿರಲಿಕ್ಕಿಲ್ಲ. ಕೊನೆಗೆ ನರ್ಸಮ್ಮ ಬಂದು, “ಹೆಲ್ಮೆಟ್ ತಗೀರಿ ಯಪ್ಪಾ. ಈ ಬೆಂಚು ಎಲ್ಲೂ ಓಡಂಗಿಲ್ಲ,” ಎಂದಳು. ಪಕ್ಕದಲ್ಲಿ ಕೂತಿದ್ದ ಕೊಡ್ಲಿ ಊರಿನ ಒಬ್ಬ ಹೆಣ್ಣುಮಗಳು ಸೆರಗು ಬಾಯಿಗಿಟ್ಟು ನಕ್ಕಳು, ನಾನೂ ನಕ್ಕೆ. ಆಮೇಲೆ ತಿಳಿಯಿತು, ಅವಳದೂ ಇದೇ ಬೇನೆ, ಔಷಧ ಮುಗಿಯಲು ಬಂದಿತ್ತು. “ಹೆದರಬ್ಯಾಡ್ರಿ ಅಣ್ಣಾ. ಉಚ್ಚಿ ಕೆಂಪಗ ಆಗ್ತದ, ಅದು ಗುಳಿಗಿದು,” ಎಂದು ಅವಳು ಮೆಲ್ಲಗೆ ಹೇಳಿದ್ದು ನನಗೆ ಸಿಕ್ಕ ಮೊದಲ ಸಮಾಧಾನ. ಅವಳು ಹೇಳಿರದಿದ್ದರೆ ಮರುದಿನ ನಾನು ಸತ್ತೇ ಹೋದೆ ಎಂದುಕೊಳ್ಳುತ್ತಿದ್ದೆ.

ಡಾಕ್ಟರಮ್ಮ ಹತ್ತಿಯಿಂದ ಸವರಿ, ಪೆನ್ನಿನ ತುದಿ ಊರಿ, ಮೊಣಕೈಯ ನರ ಒತ್ತಿ ನೋಡಿದರು. ಒಂದು ವರ್ಷ ಗುಳಿಗೆ, ಪೂರಾ ಗುಣವಾಗುತ್ತದೆ ಎಂದರು. ಆದರೆ ಹೋದ ಸ್ಪರ್ಶ ಎಷ್ಟು ವಾಪಸು ಬರುತ್ತದೆ ಎಂದು ಹೇಳಲಾಗುವುದಿಲ್ಲ, ತಡವಾಗಿದೆ ಎಂದರು. ತಡ ಎಂಬ ಮಾತು ಕೇಳಿದಾಗ ನಾಲ್ಕು ತುಂಬುತೋಳಿನ ಅಂಗಿಗಳ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮನೆಯಲ್ಲಿ ಹೇಳಿದೆ. ಸುವರ್ಣಾ ಮಗಳ ಅಂಗಿ ಕಳಚಿ, ಅಂಗಳದ ಬಿಸಿಲಿಗೆ ನಿಲ್ಲಿಸಿ, ಮಚ್ಚೆ ಇದೆಯೇ ಎಂದು ಮೈಯೆಲ್ಲಾ ತಡವಿ ನೋಡಿದಳು. ನಂತರ ನನ್ನ ತಾಟು, ಗ್ಲಾಸು ಬೇರೆ ಇಟ್ಟಳು. ನನಗೆ ಎದೆ ಒಡೆದಂತಾಯಿತು, ಆದರೆ ಅವಳನ್ನು ಬೈಯಲು ನನಗೆ ಯಾವ ಬಾಯಿಯಿತ್ತು? ಮುಂದಿನ ತಿಂಗಳು ಮನೆಯವರೆಲ್ಲರ ತಪಾಸಣೆಗೆ ಕರೆದಾಗ ಅವಳು ಡಾಕ್ಟರಮ್ಮನನ್ನು ನೇರವಾಗಿಯೇ ಕೇಳಿದಳು.

“ಇವರ ಜೋಡಿ ಮಗಳು ಒಂದ ತಾಟಿನ್ಯಾಗ ಉಂಡರ ನಡೀತದೇನ್ರಿ ಮೇಡಂ? ಹೌದಾದರ ಹೌದು ಅನ್ರಿ, ಇಲ್ಲಾದರ ಇಲ್ಲ ಅನ್ರಿ. ಸುತ್ತಿ ಬಳಸಿ ಹೇಳಬ್ಯಾಡ್ರಿ.”

“ಹೌದು, ನಡೀತದ,” ಎಂದರು ಅವರು.

ಮನೆಗೆ ಬಂದವಳೇ ರೊಟ್ಟಿ ಬಡಿದು, ಒಂದೇ ತಾಟಿಗೆ ಪುಂಡಿಪಲ್ಯ ಹಾಕಿ, ನನ್ನ ಎದುರು ಇಟ್ಟು, ತಾನೇ ಮೊದಲು ಅದರಲ್ಲಿ ಕೈ ಹಾಕಿದಳು. ಅವಳು ಕ್ಷಮೆ ಕೇಳಲಿಲ್ಲ, ನಾನೂ ಕೇಳಿಸಿಕೊಳ್ಳಲು ಕಾಯಲಿಲ್ಲ. ಅಂಥ ರುಚಿಯ ಪುಂಡಿಪಲ್ಯ ನಾನು ಇನ್ನೂ ಉಂಡಿಲ್ಲ.

ಎಲ್ಲರಿಗಿಂತ ಹೆಚ್ಚು ಕುಗ್ಗಿದವನು ಅಪ್ಪ. ಕಲ್ಲಿನ ಕೈ ಎಂದು ನಕ್ಕಿದ್ದು ಅವನಿಗೆ ಚುಚ್ಚುತ್ತಿತ್ತು. ನಾನು ಮನೆಯಲ್ಲಿ ಹೇಳಿದ ಮೂರನೆಯ ಸಂಜೆ ತಾನು ದುಡಿದ ಹಳೆಯ ಪಾಲಿಶ್ ಅಂಗಡಿಗೆ ಹೋಗಿ ಕೈಯಗಲದ ಆರು ಕಲ್ಲಿನ ಚೂರು ತಂದ. ಒಂದು ಗಣಿಯಿಂದ ಬಂದ ಹಾಗೇ ಒರಟು, ಒಂದು ಕನ್ನಡಿಯಷ್ಟು ನುಣುಪು, ಉಳಿದವು ನಡುವಿನವು. ಬೋಗುಣಿಯಲ್ಲಿ ನೀರಿಟ್ಟು ನನ್ನ ಕೈ ನೆನೆಸಿ, ಎಣ್ಣೆ ಹಚ್ಚಿ, ಕಣ್ಣು ಮುಚ್ಚಿಸಿ, ಒಂದೊಂದೇ ಬೆರಳನ್ನು ಕಲ್ಲಿನ ಮೇಲೆ ಎಳೆದ.

“ಯಾವ ಕಲ್ಲು? ತಿಳೀತೇನು ಗುರ್ಯಾ?”

“ತಿಳಿವಲ್ದು ಅಪ್ಪಾ.”

“ಇರಲಿ. ಗಲ್ಲಕ್ಕ ಹಚ್ಚಿ ನೋಡು. ನಾವು ಪಾಲಿಶ್ ಆಗ್ಯದೋ ಇಲ್ಲೋ ಅಂತ ಕೈಲೆ ಯಾವಾಗ ನೋಡೀವಿ? ಗಲ್ಲಲೆ ನೋಡ್ತಿದ್ವಿ. ಕೈಗಿ ಏನೂ ತಿಳೀತಿದ್ದಿಲ್ಲ, ಹೇಳಕೊಳ್ಳಲಿಕ್ಕ ನಾಚಿಕಿ ಅಂತ ಕೆಂಡಾ ಎತ್ತಿ ತೋರಸ್ತಿದ್ವಿ.”

ಇಷ್ಟು ವರ್ಷ ಅವನ ಕೈಯ ಬಗ್ಗೆ ನನಗಿದ್ದ ಗೌರವ ಆ ಸಂಜೆ ಈ ಮಾತು ಆಡಿದ ಅವನ ಬಾಯಿಗೆ ಹೋಯಿತು. ವರ್ಷವಿಡೀ ಒಂದು ಸಂಜೆಯೂ ತಪ್ಪಿಸದೆ ಆ ಆರು ಕಲ್ಲು ಹಿಡಿದು ಕೂತ. ಐದು ತಿಂಗಳಿಗೆ ನನ್ನ ಉಂಗುರ ಬೆರಳು ಒರಟು ಕಲ್ಲನ್ನು ಗುರುತಿಸಿತು. ಅಪ್ಪ ಎದ್ದು ಹೋಗಿ ಓಣಿಗೆಲ್ಲಾ ಸಕ್ಕರೆ ಹಂಚಿ ಬಂದ. ಯಾತಕ್ಕೆ ಎಂದು ಕೇಳಿದವರಿಗೆ “ಸುಮ್ನ ತಿನ್ರಿ” ಎಂದನಂತೆ.

ಗುಳಿಗೆಯಿಂದ ಮೈ ಕಪ್ಪಾಯಿತು, ಇನ್ನೊಂದು ಗುಳಿಗೆಯಿಂದ ಮುಖ ಊದಿತು. ನೌಕರಿ ಹೋಗಲಿಲ್ಲ. ಸಾಹೇಬರು ನನ್ನನ್ನು ಕಣ್ಣಿನ ಕೆಲಸಕ್ಕೆ ಹಾಕಿದರು: ಬೆಳಿಗ್ಗೆ ಪೆಟ್ರೋಲ್ ಶೀಶೆಗೆ ಇಳಿಸಿ ನೀರಿದೆಯೇ ನೋಡುವುದು, ಗಾಳಿ ಕೊಳವೆಯಲ್ಲಿ ಕಣಜ ಮನೆ ಮಾಡಿದೆಯೇ ನೋಡುವುದು. ಓರೆಯಾದ ಆ ನಟ್ಟನ್ನು ತನಿಖೆಯವರು ವಾಪಸು ಕೊಟ್ಟಾಗ, ಸಾಹೇಬರ ಕಪಾಟಿನಲ್ಲಿ ಅದನ್ನು ನಾನೇ ಇಟ್ಟೆ. ಆದರೆ ಭೀಮಣ್ಣ ನನ್ನ ಜೊತೆ ಚಹಾ ಕುಡಿಯುವುದನ್ನು ಬಿಟ್ಟ. ತನ್ನ ಗ್ಲಾಸು ತೆಗೆದುಕೊಂಡು ಹ್ಯಾಂಗರಿನ ಆ ತುದಿಗೆ ಹೋಗಿ ಕೂಡುತ್ತಿದ್ದ.

ಒಂದು ಭಾನುವಾರ ಪೂರ್ಣಿಮಾ ನಮ್ಮ ಮನೆಗೆ ಬಂದಳು, ಸಾಹೇಬರೂ ಜೊತೆಗಿದ್ದರು. ನಾನು ಕೈ ಮುಗಿದರೆ ಅವಳು ಬಂದು ಆ ಕೈಗಳನ್ನೇ ಹಿಡಿದುಕೊಂಡಳು.

“ನನ್ನ ತಪ್ಪಿಗಿ ನಿನ್ನ ಹಣಿ ಒಡೀತಲ್ಲವ್ವಾ,” ಎಂದೆ.

“ಹಣಿ ಎಂಟು ದಿನದಾಗ ಕೂಡೇದ ಅಣ್ಣಾರ. ತಪ್ಪು ಎಲ್ಲಿ ಆತು ಅಂತ ಸಿಗದೇ ಹೋಗಿದ್ದರ ನಾ ಜನ್ಮದಾಗ ಮತ್ತ ಹಾರತಿದ್ದಿಲ್ಲ. ನಿನ್ನೆ ಹಾರೀನಿ,” ಎಂದಳು.

ಅದೇ ಹೊತ್ತಿಗೆ ಅಪ್ಪ ಕಲ್ಲುಗಳೊಂದಿಗೆ ಬಂದ. ನಮ್ಮ ಸಂಜೆಯ ಪಾಠವನ್ನು ಸಾಹೇಬರು ಕಣ್ಣು ಮಿಟುಕಿಸದೆ ನೋಡಿದರು. ಮರುದಿನವೇ ಹ್ಯಾಂಗರಿನಲ್ಲಿ ಹೊಸ ಪದ್ಧತಿ ಬಂತು. ಬೆಳಿಗ್ಗೆ ಕೆಲಸ ಹಂಚುವ ಮುಂಚೆ ಎಲ್ಲರೂ ಸಾಲಾಗಿ ನಿಂತು ಕಣ್ಣು ಮುಚ್ಚಬೇಕು. ಬೆರಳಿಗೆ ಒಂದು ನಟ್ಟು ಕೊಡುತ್ತಾರೆ, ಸಣ್ಣದೋ ದೊಡ್ಡದೋ, ಎಳೆ ಒರಟೋ ನಯವೋ ಹೇಳಬೇಕು. ತಿಳಿಯದಿದ್ದರೆ ತಿಳಿಯುತ್ತಿಲ್ಲ ಎನ್ನಬೇಕು, ಆ ದಿನ ಕಣ್ಣಿನ ಕೆಲಸ. ಮೊದಲು ಕಣ್ಣು ಮುಚ್ಚುವವರು ಸಾಹೇಬರೇ. “ಯಾರೂ ನಾಚೂದಿಲ್ಲ. ನಾಚಿಕಿ ಕಪಾಟಿನ್ಯಾಗ ಇಡಲಿಕ್ಕ ಬರಂಗಿಲ್ಲ, ಅದಕ್ಕ ಅದು ಎಲ್ಲದಕ್ಕಿಂತ ಖತರ್ನಾಕ್,” ಎಂದರು. ಮೊದಮೊದಲು ಎಲ್ಲರೂ ಕುಚೋದ್ಯ ಮಾಡಿದರು. ಭೀಮಣ್ಣನಂತೂ ನಟ್ಟು ಬೆರಳಿಗೆ ತಾಗುವ ಮುಂಚೆಯೇ ಉತ್ತರ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ.

ನನ್ನ ಔಷಧ ಮುಗಿದ ಮರುದಿನದ ಮಾತು. ರೋಗ ಹೋಗಿದೆ ಎಂದು ಡಾಕ್ಟರಮ್ಮ ಬರೆದುಕೊಟ್ಟಿದ್ದರು. ಸುವರ್ಣಾ ಸಿಹಿ ಮಾಡಿ ಕಳಿಸಿದ್ದಳು. ಇವತ್ತು ಎಲ್ಲಾ ಬೆರಳೂ ಹೇಳುತ್ತವೆ ಎಂದು ಯಾಕೋ ನನಗೆ ಆಸೆ. ಸಾಲಿನಲ್ಲಿ ನಿಂತು ಕಣ್ಣು ಮುಚ್ಚಿದೆ. ಉಂಗುರ ಬೆರಳು ಎಳೆಯನ್ನು ಓದಿತು. ಕಿರುಬೆರಳನ್ನು ಎಳೆಯ ಮೇಲೆ ಮೂರು ಸಲ ಎಳೆದೆ. ಏನಾದರೂ ಒಂದು ಹೇಳಿಬಿಟ್ಟರೆ ಅರ್ಧ ಸರಿಯಾಗುವ ಸಾಧ್ಯತೆ ಇತ್ತು.

“ಕಿರುಬೆರಳಿಗೆ ತಿಳಿವಲ್ದು ರೀ ಸಾಹೇಬ್ರ. ಇನ್ನ ತಿಳಿಯಂಗಿಲ್ಲ ಅನಸ್ತದ,” ಎಂದೆ. ಹೇಳಿದ ಮೇಲೆ ಕಣ್ಣು ತೆರೆಯಲು ಭಾಳ ಹೊತ್ತು ಹಿಡಿಯಿತು.

ನನ್ನ ನಂತರ ಭೀಮಣ್ಣ. ಆ ದಿನ ಪೂರ್ಣಿಮಾ ಹಾರಿಸಲಿದ್ದ ವಿಮಾನದ ಎಂಜಿನ್ ಕೆಲಸಕ್ಕೆ ಅವನ ಹೆಸರಿತ್ತು. ಅವನು ಕಣ್ಣು ಮುಚ್ಚಿದ. ಸಾಹೇಬರು ನಟ್ಟು ಇಟ್ಟರು. ಎಲ್ಲರೂ ನಗಲು ತಯಾರಾಗಿದ್ದೆವು, ಉತ್ತರ ಬರಲಿಲ್ಲ. ಅವನು ನಟ್ಟನ್ನು ಬೆರಳುಗಳಲ್ಲಿ ತಿರುಗಿಸಿದ, ಮತ್ತೆ ತಿರುಗಿಸಿದ.

“ಸಾಹೇಬ್ರ, ನನಗೂ ತಿಳಿವಲ್ದು. ಮೂರು ತಿಂಗಳಾತು. ಸಕ್ರಿ ಬ್ಯಾನಿ ಅದ ನನಗ, ಬೆರಳು ಜೋಮು ಹಿಡದಾವ. ದಿನಾ ಡಬ್ಬಿದಾಗಿಂದ ನಟ್ಟು ತಗಿಯೋ ಸಪ್ಪಳಾ ಕೇಳಿ ಹೇಳ್ತಿದ್ದೆ.”

ಸಾಹೇಬರು ಅವನ ಹೆಗಲು ತಟ್ಟಿದರು. ಭೀಮಣ್ಣ ತಾನೇ ಕೆಲಸ ಹಂಚುವ ಬೋರ್ಡಿಗೆ ಹೋಗಿ ತನ್ನ ಹೆಸರು ಅಂಗೈಯಿಂದ ಒರೆಸಿದ. ಬೇರೊಬ್ಬರ ಕೈ ಆ ಎಂಜಿನ್ನಿಗೆ ಹೋಯಿತು. ಮೂವತ್ತು ವರ್ಷ ತಲೆಯೆತ್ತಿ ನಡೆದ ಮನುಷ್ಯ ಎಲ್ಲರೆದುರು ಹೀಗೆ ನಿಲ್ಲುವುದು ಎಷ್ಟು ಭಾರ ಎಂದು ಅಲ್ಲಿದ್ದವರಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಚಹಾದ ಹೊತ್ತಿಗೆ ಅವನು ಆ ತುದಿಗೆ ಹೋಗಲಿಲ್ಲ. ಎರಡು ಗ್ಲಾಸು ತೆಗೆದುಕೊಂಡು ಬಂದು ನನ್ನ ಪಕ್ಕ ಕೂತ, ತನ್ನ ಗ್ಲಾಸನ್ನು ನನ್ನ ಕಡೆ ಚಾಚಿದ.

“ಗುರು, ಭಾಳ ಸುಡ್ತದೇನು ನೋಡಿ ಹೇಳು.”

ನಾನು ಗ್ಲಾಸನ್ನು ಗಲ್ಲಕ್ಕೆ ಹಚ್ಚಿ ನೋಡಿದೆ.

“ಸುಡ್ತದ ಭೀಮಣ್ಣಾ,” ಎಂದೆ. “ಸ್ವಲ್ಪ ತಡಿ.”